ಲೋಹನಾದದಲ್ಲಿ ಅದ್ಭುತರಸ: ನೈಟ್‌ವಿಶ್ ತಂಡದ ಒಂದು ಕೃತಿಯ ವಿಮರ್ಶೆ

ನ್ಯೂಟನ್ನನು ಕಾಮನಬಿಲ್ಲನ್ನು ಬಣ್ಣಬಣ್ಣವಾಗಿ ಬಿಡಿಸಿಟ್ಟು ಅದರ ಕಾವ್ಯವನ್ನೆಲ್ಲ ಕೆಡಿಸಿಬಿಟ್ಟನೆಂಬ ದೂರು ಆಂಗ್ಲಸಾಹಿತ್ಯದ ಪರಿಚಯವುಳ್ಳವರಿಗೆ ಹೊಸದಲ್ಲ. 1817ರ ಡಿಸೆಂಬರ್ ತಿಂಗಳ ಕೊನೆಯಲ್ಲಿ ಚಿತ್ರಕಾರ ಹೇಡನ್ನನ ಮನೆಯಲ್ಲಿ ನಡೆದ ಔತಣವೊಂದರಲ್ಲಿ ಲ್ಯಾಂಬನೂ ಕೀಟ್ಸನೂ ಈ ಮಾತನ್ನು ಅರ್ಧ ವಿನೋದವಾಗಿ ಆಡಿಕೊಂಡರು. 1820ರಲ್ಲಿ ಪ್ರಕಟವಾದ 'ಲೇಮಿಯ' ಕಾವ್ಯದಲ್ಲಿ ಕೀಟ್ಸನು ಅದನ್ನೇ ವಿನೋದವಿಲ್ಲದೆ ಹೇಳಿದನು. ಅರಿವು ಬೆಳೆದಷ್ಟೂ ಬೆರಗು ಕರಗುತ್ತದೆಯೆಂಬ ಈ ಭಯಕ್ಕೆ ಕವಿಗಳೂ ವಿಜ್ಞಾನಿಗಳೂ ಬೇರೆ ಬೇರೆ ಕಾಲದಲ್ಲಿ ಉತ್ತರ ಹೇಳಿದ್ದಾರೆ. ಅವುಗಳಲ್ಲಿ ಒಂದು ಉತ್ತರ ಯಾರೂ ನಿರೀಕ್ಷಿಸದ ಕಡೆಯಿಂದ ಬಂದಿದೆ. ಫಿನ್ಲೆಂಡ್ ದೇಶದ ನೈಟ್‌ವಿಶ್ ಎಂಬ ಸಿಂಫನಿಕ್ ಹೆವಿ ಮೆಟಲ್ ತಂಡವು 2015ರ ಮಾರ್ಚ್ ತಿಂಗಳಿನಲ್ಲಿ 'ಎಂಡ್‌ಲೆಸ್ ಫಾರ್ಮ್ಸ್ ಮೋಸ್ಟ್ ಬ್ಯೂಟಿಫುಲ್' ಎಂಬ ಧ್ವನಿಮುದ್ರಿಕೆಯನ್ನು ಹೊರತಂದಿತು. ಹೆಸರು ಡಾರ್ವಿನ್ನನದು, 1859ರಲ್ಲಿ ಪ್ರಕಟವಾದ 'ಜೀವಿಜಾತಿಗಳ ಉಗಮ'ದ ಕಟ್ಟಕಡೆಯ ವಾಕ್ಯದಿಂದ ಆಯ್ದುಕೊಂಡದ್ದು. ಹನ್ನೊಂದು ರಚನೆಗಳು, ಎಪ್ಪತ್ತೆಂಟು ನಿಮಿಷಗಳನ್ನು ಮೀರಿದ ಕಾಲ, ಅದರಲ್ಲಿ ಸುಮಾರು ಇಪ್ಪತ್ತನಾಲ್ಕು ನಿಮಿಷ ಒಂದೇ ರಚನೆಗೆ ಮೀಸಲು.

ಇಂತಹ ಸಂಗೀತ ವಿದ್ಯಾಲಯದ ಪತ್ರಿಕೆಯಲ್ಲಿ ಚರ್ಚೆಗೆ ತಕ್ಕುದೇ ಎಂದು ಕೇಳುವವರು ಇದ್ದಾರೆ. ಹೆವಿ ಮೆಟಲ್ ಎಂದರೆ ಕಿವಿಗಡಚಿಕ್ಕುವ ಗದ್ದಲ, ಹದಿಹರೆಯದವರ ಹುಚ್ಚು ಎಂಬುದು ನಮ್ಮ ಅಧ್ಯಾಪಕವರ್ಗದ ಸಾಮಾನ್ಯ ಅಭಿಪ್ರಾಯ. ನಾನು ಈ ಸಂಗೀತದ ಅಭಿಮಾನಿ. ಅದನ್ನು ಮುಚ್ಚಿಡುವ ಕಾರಣವಿಲ್ಲ. ಆದರೆ ಅಭಿಮಾನವು ವಿಮರ್ಶೆಗೆ ವಿನಾಯಿತಿಯಲ್ಲ. ಭಯಾನಕ ಮತ್ತು ರೌದ್ರ ರಸಗಳಲ್ಲಿ ಹುಟ್ಟಿ ಬೆಳೆದ ಒಂದು ಸಂಗೀತಪ್ರಕಾರವನ್ನು ಈ ಕೃತಿ ಅದ್ಭುತರಸದ ಕಡೆಗೆ ತಿರುಗಿಸಲು ಯತ್ನಿಸಿದೆಯೆಂಬುದು ನನ್ನ ವಾದ. ಯತ್ನ ಎಲ್ಲಿ ಫಲಿಸಿದೆ, ಎಲ್ಲಿ ಮುಗ್ಗರಿಸಿದೆ ಎಂಬುದನ್ನು ಪರಿಶೀಲಿಸುವುದೇ ಇಲ್ಲಿಯ ಉದ್ದೇಶ.

ಮೊದಲು ಈ ಪ್ರಕಾರದ ಸ್ವರೂಪವನ್ನು ಕುರಿತು ಎರಡು ಮಾತು. ಹೆವಿ ಮೆಟಲ್ ಸಂಗೀತದ ಆರಂಭವನ್ನು 1970ರ ಫೆಬ್ರವರಿಯಲ್ಲಿ ಹೊರಬಂದ ಬ್ಲ್ಯಾಕ್ ಸ್ಯಾಬತ್ ತಂಡದ ಮೊದಲ ಧ್ವನಿಮುದ್ರಿಕೆಯಿಂದ ಗುರುತಿಸುವುದು ವಾಡಿಕೆ. ಆ ತಂಡ ಇಂಗ್ಲೆಂಡಿನ ಕೈಗಾರಿಕಾ ನಗರವಾದ ಬರ್ಮಿಂಗ್‌ಹ್ಯಾಮಿನದು. ಅದರ ಗಿಟಾರ್‌ವಾದಕ ಟೋನಿ ಅಯೋಮಿ ಹದಿನೇಳನೆಯ ವಯಸ್ಸಿನಲ್ಲಿ ತಗಡಿನ ಕಾರ್ಖಾನೆಯೊಂದರಲ್ಲಿ ದುಡಿಯುತ್ತಿದ್ದಾಗ ಯಂತ್ರಕ್ಕೆ ಸಿಕ್ಕಿ ಬಲಗೈಯ ಎರಡು ಬೆರಳುಗಳ ತುದಿಯನ್ನು ಕಳೆದುಕೊಂಡರು. ಎಡಗೈಯಿಂದ ಮೀಟುವ ಅವರಿಗೆ ತಂತಿಯನ್ನು ಒತ್ತಬೇಕಾದ ಕೈ ಅದೇ. ತಾವೇ ತಯಾರಿಸಿಕೊಂಡ ಕುಪ್ಪಿಗೆಗಳನ್ನು ಆ ಬೆರಳುಗಳಿಗೆ ತೊಡಿಸಿಕೊಂಡು ಅವರು ಮತ್ತೆ ವಾದ್ಯವನ್ನು ಹಿಡಿದರು. ಮುಂದೆ ತಂತಿಗಳ ಬಿಗುವನ್ನು ಸಡಿಲಿಸಿ ಶ್ರುತಿಯನ್ನೇ ಕೆಳಗಿಳಿಸಿದರು. ಆ ಕೆಳಗಿನ ಶ್ರುತಿಯ ಭಾರವಾದ ನಾದ ಈ ಪ್ರಕಾರದ ಲಕ್ಷಣಗಳಲ್ಲೊಂದಾಯಿತು. ಲೋಹದ ಹೆಸರುಳ್ಳ ಸಂಗೀತದ ಹಿಂದೆ ನಿಜವಾಗಿಯೂ ಒಂದು ಲೋಹದ ಕಾರ್ಖಾನೆ ಇದೆಯೆಂಬುದು ಕಾಕತಾಳೀಯವೇ ಇರಬಹುದು. ಆ ಧ್ವನಿಮುದ್ರಿಕೆಯ ಮೊದಲ ಹಾಡು ನಿಂತಿರುವುದು ಷಡ್ಜಕ್ಕೂ ಪ್ರತಿಮಧ್ಯಮಕ್ಕೂ ನಡುವಣ ಅಂತರದ ಮೇಲೆ. ಯೂರೋಪಿನ ಕಿವಿಗೆ ಆ ಅಂತರ ಬಹುಕಾಲದಿಂದ ಅಶುಭಸೂಚಕ. ನಮ್ಮ ಕಿವಿಗೆ ಹಾಗಲ್ಲ. ಕಲ್ಯಾಣಿಯನ್ನು ಕೇಳಿ ಯಾರೂ ಹೆದರುವುದಿಲ್ಲ. ಆದರೆ ಆಯಾ ಸಂಪ್ರದಾಯದೊಳಗೇ ಸ್ವರದ ಭಾವ ನಿರ್ಣಯವಾಗುವುದರಿಂದ, ಈ ಸಂಗೀತ ಭಯಾನಕದ ಮಡಿಲಲ್ಲಿ ಕಣ್ಣುಬಿಟ್ಟಿತೆಂದು ಹೇಳಬಹುದು.

ಇದರ ನಾದಸ್ವರೂಪವೂ ಗಮನಾರ್ಹವಾದುದು. ವಿದ್ಯುತ್ ಗಿಟಾರಿನ ಧ್ವನಿಯನ್ನು ಆಂಪ್ಲಿಫೈಯರಿನ ಶಕ್ತಿ ಮೀರುವಂತೆ ಹೆಚ್ಚಿಸಿದಾಗ ಧ್ವನಿತರಂಗದ ಶಿಖರಗಳು ಕತ್ತರಿಸಿದಂತೆ ಚಪ್ಪಟೆಯಾಗುತ್ತವೆ. ಆಗ ಮೂಲನಾದದೊಡನೆ ಅದರ ಅನುಸ್ವರಗಳು ಗುಂಪುಗುಂಪಾಗಿ ಏಳುತ್ತವೆ. ಹಲವು ಸ್ವರಗಳನ್ನು ಒಟ್ಟಿಗೆ ಮೀಟಿದರೆ ಈ ಅನುಸ್ವರಗಳು ಒಂದಕ್ಕೊಂದು ತೊಡರಿಕೊಂಡು ನಾದ ಕದಡಿಹೋಗುತ್ತದೆ. ಆದ್ದರಿಂದಲೇ ಮೆಟಲ್ ವಾದಕರು ಗಾಂಧಾರವನ್ನು ಬಿಟ್ಟು ಷಡ್ಜ ಪಂಚಮಗಳನ್ನಷ್ಟೇ ಜೋಡಿಸಿ ನುಡಿಸುತ್ತಾರೆ. ತಂಬೂರಿಯ ಶ್ರುತಿಯಲ್ಲಿ ನಾವು ದಿನವೂ ಕೇಳುವ ಜೋಡಿಯೇ ಅದು. ಅಲ್ಲಿ ಅದು ಗಾನಕ್ಕೆ ಆಧಾರ. ಇಲ್ಲಿ ಗಾನದ ಶರೀರವೇ ಆಗಿದೆ.

ಇಷ್ಟು ದಟ್ಟವಾದ ನಾದದೊಡನೆ ನೂರು ಕೈಗಳ ವಾದ್ಯವೃಂದವನ್ನು ಕೂಡಿಸುವುದು ಸುಲಭವಲ್ಲ. 1969ರಲ್ಲಿ ಡೀಪ್ ಪರ್ಪಲ್ ತಂಡ ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲಿನಲ್ಲಿ ರಾಯಲ್ ಫಿಲ್‌ಹಾರ್ಮೋನಿಕ್ ವಾದ್ಯವೃಂದದ ಜೊತೆಯಲ್ಲಿ ನುಡಿಸಿತು. 1999ರಲ್ಲಿ ಮೆಟಾಲಿಕಾ ತಂಡ ಸ್ಯಾನ್ ಫ್ರಾನ್ಸಿಸ್ಕೊ ಸಿಂಫನಿಯೊಡನೆ ನುಡಿಸಿತು. ಎರಡೂ ಕಡೆ ವಾದ್ಯವೃಂದ ಅತಿಥಿಯಂತೆ ಬಂದು ಹೋಗುತ್ತದೆ. ಪಿಟೀಲು, ವಿಯೋಲ, ಹಾರ್ನ್ ಮೊದಲಾದವುಗಳ ಮಧ್ಯಸ್ಥಾಯಿಯನ್ನೇ ವಿಕೃತನಾದದ ಗಿಟಾರ್ ಆಕ್ರಮಿಸಿಬಿಡುವುದರಿಂದ, ಮೆಲುದನಿಯನ್ನು ಗಟ್ಟಿದನಿ ನುಂಗುತ್ತದೆ. ಇದಕ್ಕೆ ಪರಿಹಾರವೆಂದರೆ ಎರಡನ್ನೂ ಒಬ್ಬನೇ ಮನಸ್ಸಿನಲ್ಲಿ ಕೂಡಿಯೇ ಕಲ್ಪಿಸಿಕೊಳ್ಳುವುದು: ಗಿಟಾರ್ ಕೆಳಗೆ ನಡೆಯುವಾಗ ತಂತಿವಾದ್ಯಗಳನ್ನು ತಾರಸ್ಥಾಯಿಗೆ ಏರಿಸುವುದು, ಹಿತ್ತಾಳೆಯ ವಾದ್ಯಗಳು ಗಿಟಾರಿನ ಹೆಜ್ಜೆಯನ್ನೇ ಹಿಡಿಯುವಂತೆ ಮಾಡುವುದು, ಒಂದು ಮಾತನಾಡುವಾಗ ಇನ್ನೊಂದು ಸುಮ್ಮನಿರುವುದು. ಸ್ವೀಡನ್ನಿನ ಥೀರಿಯನ್ ತಂಡ 1996ರ 'ಥೇಲಿ'ಯಲ್ಲಿ ವೃಂದಗಾನವನ್ನೇ ಮುಂದಿಟ್ಟು ಈ ಮಾರ್ಗವನ್ನು ತೆರೆಯಿತು. ಅದೇ ವರ್ಷ ಫಿನ್ಲೆಂಡಿನ ಪೂರ್ವದಂಚಿನ ಕಿಟೆ ಎಂಬ ಪುಟ್ಟ ಊರಿನಲ್ಲಿ ನೈಟ್‌ವಿಶ್ ಹುಟ್ಟಿತು.

ತಂಡದ ಕೀಬೋರ್ಡ್ ವಾದಕರಾದ ಟುವೋಮಸ್ ಹೊಲೊಪಾಯಿನೆನ್ ಅವರೇ ಬಹುಮಟ್ಟಿಗೆ ಇದರ ಕವಿ, ವಾಗ್ಗೇಯಕಾರ. 2004ರ 'ವನ್ಸ್' ಧ್ವನಿಮುದ್ರಿಕೆಯಿಂದ ವಾದ್ಯವೃಂದದ ಲೇಖನವನ್ನು ಇಂಗ್ಲೆಂಡಿನ ಪಿಪ್ ವಿಲಿಯಮ್ಸ್ ಅವರು ವಹಿಸಿಕೊಂಡರು. ಪ್ರಕೃತ ಕೃತಿಯಲ್ಲಿಯೂ ಅವರದೇ ಕೈವಾಡ. ತಂಡದ ವಾದನವನ್ನು ಫಿನ್ಲೆಂಡಿನಲ್ಲಿಯೂ ವಾದ್ಯವೃಂದವನ್ನು ಲಂಡನ್ನಿನ ಏಂಜೆಲ್ ಸ್ಟುಡಿಯೋದಲ್ಲಿಯೂ ಮುದ್ರಿಸಿ ಒಂದುಗೂಡಿಸಲಾಯಿತು. ಗಾಯಕಿ ಫ್ಲೋರ್ ಯಾನ್ಸೆನ್ ಅವರು ಹಾಲೆಂಡಿನವರು. 2012ರಲ್ಲಿ ಪ್ರವಾಸದ ನಡುವೆ ತುರ್ತಾಗಿ ಬಂದು ಸೇರಿ ಮರುವರ್ಷ ತಂಡದ ಸದಸ್ಯೆಯಾದರು. ಅವರು ಹಾಡಿದ ಮೊದಲ ನೈಟ್‌ವಿಶ್ ಸ್ಟುಡಿಯೋ ಧ್ವನಿಮುದ್ರಿಕೆ ಇದು. ಊದುಚೀಲದ ಐರಿಷ್ ಪ್ರಭೇದವನ್ನೂ ಕೊಳಲನ್ನೂ ನುಡಿಸುವ ಟ್ರಾಯ್ ಡೊನೋಕ್ಲಿ ಇಂಗ್ಲೆಂಡಿನವರು. ನಿದ್ರಾಹೀನತೆಯಿಂದ ಬಳಲಿದ ಯುಕ್ಕ ನೆವಲಾಯಿನೆನ್ ಅವರ ಸ್ಥಾನದಲ್ಲಿ ಕಾಯ್ ಹಾಹ್ಟೊ ಡ್ರಮ್ ನುಡಿಸಿದ್ದಾರೆ.

ಇನ್ನು ರಸದ ವಿಚಾರ. ಭರತನು ಅದ್ಭುತಕ್ಕೆ ವಿಸ್ಮಯವನ್ನು ಸ್ಥಾಯಿಭಾವವಾಗಿ ಹೇಳಿ, ಅದು ವೀರದಿಂದ ಹುಟ್ಟುತ್ತದೆಯೆಂದು ನಿರ್ದೇಶಿಸಿದ್ದಾನೆ. ಅವನು ಕೊಡುವ ವಿಭಾವಗಳು ದಿವ್ಯಜನರ ದರ್ಶನ, ವಿಮಾನ, ಮಾಯೆ, ಇಂದ್ರಜಾಲ ಮೊದಲಾದುವು. ಅನುಭಾವಗಳು ಅರಳಿದ ಕಣ್ಣು, ಎವೆಯಿಕ್ಕದ ನೋಟ, ರೋಮಾಂಚ, ಕಂಬನಿ. ಇಲ್ಲಿ ಒಂದು ಸೂಕ್ಷ್ಮವಿದೆ. ಕಂಪವು ಭಯಾನಕದ ಮುಖ್ಯ ಚಿಹ್ನೆ. ರೋಮಾಂಚವಾದರೋ ಭಯಾನಕಕ್ಕೂ ಅದ್ಭುತಕ್ಕೂ ಸಮಾನ. ಎಂದರೆ ಹೆದರಿದವನ ಮೈಯೂ ಬೆರಗಾದವನ ಮೈಯೂ ಒಂದು ಹಂತದವರೆಗೆ ಒಂದೇ ಭಾಷೆಯನ್ನಾಡುತ್ತವೆ. ಪಶ್ಚಿಮದಲ್ಲಿ 1757ರಲ್ಲಿಯೇ ಬರ್ಕನು ಭವ್ಯತೆಯ ಮೂಲದಲ್ಲಿ ಭೀತಿಯನ್ನು ಕಂಡು, ಅದನ್ನು ಸೌಂದರ್ಯದಿಂದ ಬೇರ್ಪಡಿಸಿದನು. ಮೆಟಲ್ ಸಂಗೀತಕ್ಕೆ ಬರ್ಕನ ಭವ್ಯತೆ ಸುಲಭವಾಗಿ ದಕ್ಕುವಂತಹುದು. ದೊಡ್ಡ ದನಿ, ಕತ್ತಲೆ, ಬಲ ಇವೆಲ್ಲ ಅದರ ಸ್ವಭಾವದಲ್ಲಿಯೇ ಇವೆ. ಸೌಂದರ್ಯದ ಮುಂದೆ ನಡುಗುವುದು ಬೇರೆಯ ಮಾತು.

ಈ ಕೃತಿಯ ಮೊದಲ ಹಾಡಿನ ಹೆಸರೇ 'ಶಡರ್ ಬಿಫೋರ್ ದಿ ಬ್ಯೂಟಿಫುಲ್', ಸೌಂದರ್ಯದೆದುರು ಕಂಪನ. ಈ ನುಡಿಗಟ್ಟಿಗೆ ಭಾರತೀಯನೊಬ್ಬನ ಸಂಬಂಧವಿರುವುದು ನಮ್ಮ ಓದುಗರಿಗೆ ಕುತೂಹಲಕರವಾಗಬಹುದು. ಖಗೋಳವಿಜ್ಞಾನಿ ಸುಬ್ರಹ್ಮಣ್ಯನ್ ಚಂದ್ರಶೇಖರ್ ಅವರು 1975ರ ಉಪನ್ಯಾಸವೊಂದರಲ್ಲಿ ಷೇಕ್ಸ್‌ಪಿಯರ್, ನ್ಯೂಟನ್, ಬೀಥೊವೆನ್ ಇವರ ಸೃಷ್ಟಿಶೀಲತೆಯನ್ನು ಹೋಲಿಸುತ್ತ ಇದೇ ನುಡಿಯನ್ನು ಬಳಸಿದ್ದಾರೆ. ನ್ಯೂಜಿಲೆಂಡಿನ ಗಣಿತಜ್ಞ ರಾಯ್ ಕೆರ್ 1963ರಲ್ಲಿ ಐನ್‌ಸ್ಟೈನನ ಸಮೀಕರಣಗಳಿಗೆ ಕಂಡುಹಿಡಿದ ಒಂದು ಪರಿಹಾರವು, ಆಕಾಶದಲ್ಲಿ ತಿರುಗುತ್ತಿರುವ ಅಸಂಖ್ಯ ಕಪ್ಪುರಂಧ್ರಗಳನ್ನು ಯಥಾವತ್ತಾಗಿ ನಿರೂಪಿಸುತ್ತದೆಯೆಂದು ತಿಳಿದಾಗ ತಮಗಾದ ಅನುಭವವನ್ನು ಹೇಳಲು ಅವರಿಗೆ ಬೇರೆ ಮಾತು ಸಿಕ್ಕಲಿಲ್ಲ. ಕಾಗದದ ಮೇಲೆ ಸೌಂದರ್ಯಕ್ಕಾಗಿ ಹುಡುಕಿದ್ದು ಆಕಾಶದಲ್ಲಿ ಸತ್ಯವಾಗಿ ಸಿಕ್ಕಿತು! ರಿಚರ್ಡ್ ಡಾಕಿನ್ಸ್ ಅವರು 1998ರ ತಮ್ಮ 'ಅನ್‌ವೀವಿಂಗ್ ದಿ ರೈನ್‌ಬೋ' ಗ್ರಂಥದಲ್ಲಿ ಚಂದ್ರಶೇಖರರ ಈ ಮಾತನ್ನು ಉದ್ಧರಿಸಿದರು. ಆ ಗ್ರಂಥದ ಹೆಸರು ಕೀಟ್ಸನ ದೂರಿಗೇ ಕೊಟ್ಟ ಉತ್ತರ. ಅದೇ ಡಾಕಿನ್ಸ್ ಅವರ ಕಂಠದಿಂದಲೇ ಈ ಧ್ವನಿಮುದ್ರಿಕೆ ಆರಂಭವಾಗುತ್ತದೆ.

ಆ ಆರಂಭ ನನಗೆ ಅಷ್ಟಾಗಿ ಹಿಡಿಸಿಲ್ಲವೆಂದು ಹೇಳಬೇಕು. ಅರಿವಿನಲ್ಲಿ ಸಮಾಧಾನವುಂಟೆಂಬ ಅರ್ಥದ ಕೆಲವು ಮಾತುಗಳನ್ನು ವಿಜ್ಞಾನಿ ಗಂಭೀರವಾಗಿ ನುಡಿಯುತ್ತಾರೆ. ಆದರೆ ರಸವು ಇನ್ನೂ ಹುಟ್ಟದಿರುವಾಗ ಅದರ ಹೆಸರನ್ನು ಹೇಳಿದಂತಾಗುತ್ತದೆ. ಸ್ವಶಬ್ದವಾಚ್ಯತ್ವವನ್ನು ನಮ್ಮ ಆಲಂಕಾರಿಕರು ದೋಷವೆಂದು ಎಣಿಸಿದ್ದು ಇದಕ್ಕಾಗಿಯೇ. ಮಾತು ಮುಗಿದು ತಂಡವೂ ವೃಂದವೂ ಒಟ್ಟಿಗೆ ಎದ್ದ ಕ್ಷಣದಿಂದ ಸ್ಥಿತಿ ಬದಲಾಗುತ್ತದೆ. ಡ್ರಮ್ಮಿನ ಓಟ ರೌದ್ರದ್ದೇ. ಗಿಟಾರಿನ ಗತಿಯೂ ಯುದ್ಧಗತಿಯೇ. ಆದರೆ ವೃಂದಗಾನ ಮೇಲೆ ತೆರೆದುಕೊಳ್ಳುವ ರೀತಿಯಿಂದ ಆ ಓಟ ಯಾರನ್ನೂ ಅಟ್ಟಿಸಿಕೊಂಡು ಹೋಗುವ ಓಟವಾಗಿ ತೋರುವುದಿಲ್ಲ, ಏನನ್ನೋ ಕಾಣಲು ಧಾವಿಸುವ ಓಟವಾಗುತ್ತದೆ. ವೀರದಿಂದ ಅದ್ಭುತ ಹುಟ್ಟುವುದೆಂಬ ಭರತನ ಮಾತು ಇಲ್ಲಿ ಕಿವಿಗೆ ವೇದ್ಯವಾಗುತ್ತದೆ. ನಡುವೆ ಗಿಟಾರಿಗೂ ಕೀಬೋರ್ಡಿಗೂ ಸವಾಲು ಜವಾಬಿನಂತಹ ಒಂದು ಪ್ರಸಂಗವಿದೆ. ಇಬ್ಬರು ಹುಡುಗರು ಗುಡ್ಡ ಹತ್ತುವಾಗ ಪಂದ್ಯ ಕಟ್ಟಿದ ಹಾಗೆ ಅದು ಹಗುರವಾಗಿದೆ.

ಧ್ವನಿಮುದ್ರಿಕೆಯ ಹೆಸರನ್ನೇ ಹೊತ್ತ ಹಾಡಿನಲ್ಲಿ ಇನ್ನೊಂದು ಉಪಾಯ ಕಾಣುತ್ತದೆ. ಅಲ್ಲಿ ಕವಿ ಕಾಲದಲ್ಲಿ ಹಿಂದಕ್ಕೆ ಪಯಣ ಹೊರಟು, ಜೀವವಿಕಾಸದ ಪಾತ್ರಗಳನ್ನು ಹೆಸರು ಹಿಡಿದು ಕರೆಯುತ್ತಾನೆ. ಅವುಗಳಲ್ಲಿ ಟಿಕ್ಟಾಲಿಕ್ ಒಂದು. ಕೆನಡಾ ದೇಶದ ಉತ್ತರದ ಹಿಮದ್ವೀಪವಾದ ಎಲ್ಸ್‌ಮಿಯರಿನಲ್ಲಿ 2004ರಲ್ಲಿ ದೊರೆತು 2006ರಲ್ಲಿ ವರ್ಣಿತವಾದ ಈ ಪಳೆಯುಳಿಕೆಗೆ ಸುಮಾರು 37.5 ಕೋಟಿ ವರ್ಷಗಳ ವಯಸ್ಸು. ಈಜುರೆಕ್ಕೆಯೊಳಗೆ ಮಣಿಕಟ್ಟಿನಂತಹ ಮೂಳೆಗಳಿರುವ ಮೀನು ಅದು. ನೀರಿನಿಂದ ನೆಲಕ್ಕೆ ಬಂದ ನಮ್ಮೆಲ್ಲರ ಪೂರ್ವಜರ ಹತ್ತಿರದ ನೆಂಟ. ಅದರ ಮೊದಲ ನಡಿಗೆಯನ್ನು ನೋಡಬೇಕೆಂಬ ಹಂಬಲ ಹಾಡಿನ ಪಲ್ಲವಿಯಲ್ಲಿದೆ. ಭರತನ ಪಟ್ಟಿಯ ದಿವ್ಯಜನರ ಸ್ಥಾನದಲ್ಲಿ ಇಲ್ಲಿ ಕೆಸರಿನ ಮೀನೊಂದು ಬಂದು ನಿಂತಿದೆ. ಇದರಿಂದ ಹಾಸ್ಯ ಹುಟ್ಟಬಹುದಾಗಿತ್ತು, ಹುಟ್ಟಿಲ್ಲ. ನಾಮಾವಳಿಯನ್ನು ಪಠಿಸುವಾಗ ಹೆಸರಿನ ಹಿಂದೆ ಹೆಸರು ಬಂದು ಅರ್ಥವನ್ನು ಮೀರಿದ ಒಂದು ಭಾವ ಮೂಡುವುದನ್ನು ನಾವೆಲ್ಲ ಬಲ್ಲೆವು. ಆ ಗುಟ್ಟನ್ನು ಈ ಹಾಡು ತನ್ನದೇ ದಾರಿಯಿಂದ ಕಂಡುಕೊಂಡಿದೆ. ಫ್ಲೋರ್ ಯಾನ್ಸೆನ್ ಅವರು ಆ ಹೆಸರನ್ನು ಉಚ್ಚರಿಸುವಾಗ ಎಲ್ಲಿಯೂ ಒತ್ತು ಹಾಕುವುದಿಲ್ಲ. ಪರಿಚಯದವರನ್ನು ಕರೆಯುವಂತೆ ಕರೆಯುತ್ತಾರೆ. ಈ ಸಂಯಮ ಕೃತಿಯುದ್ದಕ್ಕೂ ಅವರ ಗಾಯನದ ಗುಣ. ಅಪೆರಾ ಶೈಲಿಯ ಗಾಯನವೂ ಗುಡುಗುವ ಕಂಠವೂ ಅವರಿಗೆ ಸಮನಾಗಿ ಒಲಿದಿದ್ದರೂ, ಅವುಗಳನ್ನು ಅಪರೂಪವಾಗಿಯೇ ಹೊರತೆಗೆಯುತ್ತಾರೆ.

ಅನೌಚಿತ್ಯವೇ ರಸಭಂಗಕ್ಕೆ ಕಾರಣವೆಂಬ ಆನಂದವರ್ಧನನ ಅಭಿಪ್ರಾಯಕ್ಕೆ ಉದಾಹರಣೆ ಬೇಕಾದರೆ 'ವೀಕ್ ಫ್ಯಾಂಟಸಿ'ಯನ್ನು ನೋಡಬೇಕು. ಧರ್ಮಾಂಧತೆಯ ಖಂಡನೆ ಅದರ ವಸ್ತು. ಖಂಡನೆ ತಪ್ಪೆಂದು ನನ್ನ ಆಕ್ಷೇಪವಲ್ಲ. ಸಂಗೀತವೂ ದುರ್ಬಲವಲ್ಲ, ಲಯದ ತಿರುವುಗಳಲ್ಲಿ ಇದು ಇಡೀ ಕೃತಿಯ ಅತ್ಯಂತ ಚತುರ ರಚನೆಗಳಲ್ಲೊಂದು. ಆದರೆ ವಿಸ್ಮಯಗೊಂಡವನು ಎದುರಾಳಿಯನ್ನು ಹುಡುಕುವುದಿಲ್ಲ. ಬೆರಗಿನ ನಡುವೆ ವಾದಕ್ಕಿಳಿದ ಕೂಡಲೇ ಗಿಟಾರ್ ತನ್ನ ಹಳೆಯ ಮನೆಯಾದ ರೌದ್ರಕ್ಕೆ ಮರಳಿಬಿಡುತ್ತದೆ. 'ಯುವರ್ಸ್ ಈಸ್ ಆನ್ ಎಂಪ್ಟಿ ಹೋಪ್' ಎಂಬ ಹಾಡಿನಲ್ಲಿಯೂ ಇದೇ ಕಥೆ. ಅಲ್ಲಿ ಗಾಯಕಿಯ ಕಂಠವೇ ಘರ್ಜಿಸುತ್ತದೆ, ಕೇಳಿದವರು ಆವೇಶಗೊಳ್ಳುತ್ತಾರೆ, ಮತ್ತು ಟಿಕ್ಟಾಲಿಕ್ ಮರೆತೇಹೋಗುತ್ತದೆ. ಡಾರ್ವಿನ್ನನು ಈ ವಿಷಯದಲ್ಲಿ ಹೆಚ್ಚು ಜಾಣ. ತನ್ನ ಗ್ರಂಥದ ಕೊನೆಯ ವಾಕ್ಯದಲ್ಲಿ ಜೀವಕ್ಕೆ ಮೊದಲ ಉಸಿರನ್ನು ಊದಿದವರು ಯಾರೆಂಬುದನ್ನು ಅವನು ಮೊದಲ ಮುದ್ರಣದಲ್ಲಿ ಹೇಳಲಿಲ್ಲ. 1860ರ ಎರಡನೆಯ ಮುದ್ರಣದಲ್ಲಿ ಸೃಷ್ಟಿಕರ್ತನ ಉಲ್ಲೇಖವನ್ನು ಸೇರಿಸಿದನು. ಸೇರಿಸಿದ್ದು ಸರಿಯೇ ತಪ್ಪೇ ಎಂಬ ಚರ್ಚೆ ಇರಲಿ; ಎರಡು ರೂಪದಲ್ಲಿಯೂ ವಾಕ್ಯದ ಬೆರಗು ಕುಗ್ಗಿಲ್ಲ. ಆಸ್ತಿಕನೂ ನಾಸ್ತಿಕನೂ ಅದನ್ನು ಓದಿ ಒಂದೇ ಬಗೆಯಾಗಿ ನಿಟ್ಟುಸಿರಿಡಬಹುದು. ಅಂತಹ ವಿಶಾಲವಾದ ಅಂಗಳವನ್ನು ಹೆಸರಾಗಿ ಆರಿಸಿಕೊಂಡ ಕೃತಿ, ಒಳಗೆ ಬೇಲಿ ಹಾಕಿದ್ದು ವಿಷಾದಕರ.

ಉಳಿದ ಹಾಡುಗಳಲ್ಲಿ ಕೆಲವನ್ನು ಹೆಸರಿಸಿ ಮುಂದುವರಿಯಬಹುದು. 'ಎಲಾನ್' ಸರಳ, ಜನಪ್ರಿಯ. ತಂದೆತಾಯಿಗಳನ್ನು ನೆನೆದ 'ಅವರ್ ಡಿಕೇಡ್ಸ್ ಇನ್ ದಿ ಸನ್' ನಿಧಾನಗತಿಯದು, ಸ್ವಲ್ಪ ಅತಿಯಾಗಿಯೇ ನಿಧಾನ. ಥೋರೋನ 1854ರ ಗ್ರಂಥವನ್ನು ನೆನಪಿಸುವ 'ಮೈ ವಾಲ್ಡನ್' ವೆಲ್ಷ್ ಭಾಷೆಯ ನುಡಿಗಳಿಂದ ಆರಂಭವಾಗಿ ಊದುಚೀಲದ ಕುಣಿತದಲ್ಲಿ ಕೊನೆಗಾಣುತ್ತದೆ. ಥೋರೋ ಇಷ್ಟು ಜನರೊಡನೆ ಕಾಡಿಗೆ ಹೋಗಲಿಲ್ಲವೆಂಬುದನ್ನು ಮರೆತರೆ ಆನಂದಿಸಬಹುದು. 'ಈಡೀಮಾ ರೂ' ಪ್ಯಾಟ್ರಿಕ್ ರಾಥ್‌ಫಸ್ ಅವರ ಕಾದಂಬರಿಯ ಅಲೆಮಾರಿ ಕಲಾವಿದರ ಮೇಲಣ ಗೀತ. 'ಆಲ್ಪನ್‌ಗ್ಲೋ' ನೆನಪಿನಲ್ಲಿ ನಿಲ್ಲುವುದಿಲ್ಲ.

'ದಿ ಐಸ್ ಆಫ್ ಶರ್ಬತ್ ಗುಲಾ' ಹಾಗಲ್ಲ. ಸಾಹಿತ್ಯವಿಲ್ಲದ ಈ ರಚನೆಯ ಹಿಂದೆ ಒಂದು ಛಾಯಾಚಿತ್ರವಿದೆ. 1984ರಲ್ಲಿ ಪೇಷಾವರದ ಬಳಿಯ ನಿರಾಶ್ರಿತರ ಶಿಬಿರದಲ್ಲಿ ಸ್ಟೀವ್ ಮೆಕರಿ ಅವರು ತೆಗೆದ ಅಫಘಾನ್ ಬಾಲಿಕೆಯ ಚಿತ್ರವದು. 1985ರ ಜೂನ್ ತಿಂಗಳ 'ನ್ಯಾಷನಲ್ ಜಿಯೊಗ್ರಾಫಿಕ್' ಮುಖಪುಟದ ಹಸಿರು ಕಣ್ಣುಗಳನ್ನು ನೋಡಿದವರು ಮರೆತಿರಲಾರರು. ಶರ್ಬತ್ ಗುಲಾ ಎಂಬ ಅವಳ ಹೆಸರು ಜಗತ್ತಿಗೆ ತಿಳಿದದ್ದು 2002ರಲ್ಲಿ. ಇಲ್ಲಿ ಮಕ್ಕಳ ವೃಂದ ಮಾತಿಲ್ಲದೆ ಹಾಡುತ್ತದೆ. ಜೀವದ ಅನಂತ ರೂಪಗಳನ್ನು ಹೊಗಳುವ ಕೃತಿಯೊಂದರಲ್ಲಿ, ಆ ರೂಪಗಳಲ್ಲಿ ಒಂದು ಇನ್ನೊಂದಕ್ಕೆ ಏನು ಮಾಡಬಲ್ಲುದೆಂಬುದಕ್ಕೆ ಸಾಕ್ಷಿಯಾಗಿ ಈ ಮೌನ ಬರುತ್ತದೆ. 'ವೀಕ್ ಫ್ಯಾಂಟಸಿ' ಕೂಗಿ ಹೇಳಿದ್ದಕ್ಕಿಂತ ಹೆಚ್ಚನ್ನು ಇದು ಬಾಯಿಬಿಡದೆ ಹೇಳಿದೆಯೆಂದು ನನ್ನ ಭಾವನೆ. ಇದರ ಬೆನ್ನಿಗೇ ಕೊನೆಯ ದೀರ್ಘರಚನೆ ಬರುವುದೂ ಯೋಗ್ಯವಾಗಿದೆ.

'ದಿ ಗ್ರೇಟೆಸ್ಟ್ ಶೋ ಆನ್ ಅರ್ತ್' ಎಂಬ ಆ ರಚನೆಗೆ ಹೆಸರು ಡಾಕಿನ್ಸ್ ಅವರ 2009ರ ಗ್ರಂಥದಿಂದ ಬಂದಿದೆ. ಇದರಲ್ಲಿ ಐದು ಭಾಗಗಳು. ಭೂಮಿಯ ವಯಸ್ಸನ್ನು ಸುಮಾರು 460 ಕೋಟಿ ವರ್ಷಗಳೆಂದು ಸೂಚಿಸುವ 'ಫೋರ್ ಪಾಯಿಂಟ್ ಸಿಕ್ಸ್' ಮೊದಲನೆಯದು. ಪಿಯಾನೋದ ಒಂಟಿ ಸ್ವರಗಳಿಂದ ಆರಂಭವಾಗಿ ವೃಂದ ನಿಧಾನವಾಗಿ ತುಂಬಿಕೊಳ್ಳುತ್ತದೆ. ಗಿಟಾರಿನ ಸದ್ದು ಬಹಳ ಹೊತ್ತು ಇಲ್ಲ. ಗಾಯಕಿ ತಮ್ಮ ಅಪೆರಾ ಕಂಠವನ್ನು ಹೊರತೆಗೆಯುವುದು ಇಲ್ಲಿ. ಸೃಷ್ಟಿಯ ಆದಿಯನ್ನು ಹಾಡುವ ಕೃತಿಗಳು ಪಶ್ಚಿಮದಲ್ಲಿ ಹಲವು. 1798ರ ಹೈಡನ್ನನ 'ಸೃಷ್ಟಿ'ಯಲ್ಲಿ ಅವ್ಯವಸ್ಥೆಯ ಮಬ್ಬಿನಿಂದ ಬೆಳಕು ಎಂಬ ಶಬ್ದದ ಮೇಲೆ ಇಡೀ ವೃಂದ ಒಮ್ಮೆಲೇ ಸ್ಫೋಟಿಸುತ್ತದೆ. ಅಲ್ಲಿ ಆಜ್ಞೆಯಿದೆ, ಆದ್ದರಿಂದ ಸ್ಫೋಟ. ಫಿನ್ಲೆಂಡಿನವನೇ ಆದ ಸಿಬೆಲಿಯಸ್ 1913ರ 'ಲುವೊನ್ನೊತಾರ್' ಎಂಬ ರಚನೆಯಲ್ಲಿ 'ಕಾಲೆವಾಲ'ದ ಸೃಷ್ಟಿಕಥೆಯನ್ನು ಒಬ್ಬಳೇ ಗಾಯಕಿಯ ಕಂಠಕ್ಕೂ ವೃಂದಕ್ಕೂ ಬರೆದನು. ಅಲ್ಲಿ ಒಂಟಿತನವಿದೆ, ನೀರಿನ ಮೇಲೆ ತೇಲುವ ತಾಯಿಯ ಸಂಕಟವಿದೆ. ಹೊಲೊಪಾಯಿನೆನ್ ಅವರ ಆದಿಯಲ್ಲಿ ಆಜ್ಞೆಯೂ ಇಲ್ಲ, ತಾಯಿಯೂ ಇಲ್ಲ. ಯಾರೂ ನೋಡದಿದ್ದ ಮೊದಲ ಸೂರ್ಯೋದಯವಿದೆ. ನೋಡುವವರಿಲ್ಲದ ಬೆಳಗಿಗೆ ವಿಸ್ಮಯಪಡುವವರು ಯಾರು? ಆ ಪ್ರಶ್ನೆಯನ್ನು ಎತ್ತದೆಯೇ ಸಂಗೀತ ನಮ್ಮನ್ನು ಅಲ್ಲಿ ನಿಲ್ಲಿಸುತ್ತದೆ.

'ಲೈಫ್' ಎಂಬ ಎರಡನೆಯ ಭಾಗದಲ್ಲಿ ತಂಡ ಪೂರ್ಣವಾಗಿ ಪ್ರವೇಶಿಸುತ್ತದೆ. ಅನಂತರ ಪ್ರಾಣಿಗಳ ಕೂಗುಗಳ ನಡುವಿನಿಂದ 'ದಿ ಟೂಲ್‌ಮೇಕರ್', ಉಪಕರಣಗಳನ್ನು ಮಾಡುವವನು, ಎಂದರೆ ಮನುಷ್ಯ ಎದ್ದುಬರುತ್ತಾನೆ. ಇಥಿಯೋಪಿಯದ ಅಫಾರ್ ಪ್ರದೇಶದಲ್ಲಿ 1974ರಲ್ಲಿ ದೊರೆತ, ಸುಮಾರು 32 ಲಕ್ಷ ವರ್ಷ ಹಿಂದಿನ ಲೂಸಿಯ ಹೆಸರು ಇಲ್ಲಿ ಬರುತ್ತದೆ. ಅದಕ್ಕಿಂತ ಮಿಗಿಲಾಗಿ ಒಂದು ವಿಚಾರ ಬರುತ್ತದೆ: ನಮ್ಮ ಪೂರ್ವಜರಲ್ಲಿ ಒಬ್ಬರೂ ಬಾಲ್ಯದಲ್ಲಿ ಸಾಯಲಿಲ್ಲವೆಂಬುದು. ಮೊದಲು ಕೇಳಿದಾಗ ಇದು ಚಮತ್ಕಾರದ ಮಾತೆನಿಸುತ್ತದೆ. ಒಂದು ಕ್ಷಣ ಯೋಚಿಸಿದರೆ ಅದು ತರ್ಕಶುದ್ಧವೆಂದು ತಿಳಿಯುತ್ತದೆ. ಮಕ್ಕಳನ್ನು ಪಡೆಯುವ ಮುನ್ನ ಸತ್ತವರು ಯಾರ ಪೂರ್ವಜರೂ ಆಗಲಾರರು. ಇನ್ನೊಂದು ಕ್ಷಣ ಯೋಚಿಸಿದರೆ ಮೈ ಜುಮ್ಮೆನ್ನುತ್ತದೆ: ಕೋಟ್ಯಂತರ ವರ್ಷಗಳ ಬರ, ಬೇನೆ, ಬೇಟೆಗಳ ನಡುವೆ ಆ ಸರಪಳಿಯ ಒಂದು ಕೊಂಡಿಯೂ ಕಳಚಲಿಲ್ಲ. ಅರಿವು ಬೆರಗನ್ನು ಕೊಲ್ಲುತ್ತದೆಯೆಂದ ಕೀಟ್ಸನಿಗೆ ಈ ಕೃತಿಯ ನಿಜವಾದ ಉತ್ತರ ಇದೇ. ಇಲ್ಲಿ ತರ್ಕವೇ ವಿಭಾವ. ಮಾತನ್ನು ಹೇಳಿ ಮುಗಿಸಿದ ಮೇಲೆ ವಿವರಿಸಲು ನಿಲ್ಲದೆ ಸಂಗೀತ ಮುಂದಕ್ಕೆ ಓಡಿಬಿಡುವುದರಿಂದ, ಅದು ಕೇಳುಗನ ಮನಸ್ಸಿನಲ್ಲಿ ತಡವಾಗಿ ಸಿಡಿಯುತ್ತದೆ.

ಈ ಭಾಗದಲ್ಲಿ ಮಾರ್ಕೊ ಹಿಯೆಟಾಲ ಅವರ ಒರಟು ಕಂಠವೂ ಸೇರಿ ಗಿಟಾರ್ ಅತ್ಯಂತ ಕೆಳಗಿನ ನೆಲೆಗಿಳಿಯುತ್ತದೆ. ಮನುಷ್ಯನ ವಿಚಾರಶಕ್ತಿಯ ತೊಟ್ಟಿಲಾದ ಅಯೋನಿಯ ಬರುತ್ತದೆ. ಅದರ ಹಿಂದೆಯೇ ಲೋಭ, ಅಣುಬಾಂಬಿನ ಹೊಗೆಯ ಕೊಡೆ. ಕೊನೆಗೆ ಮಾನವನ ಅಂಕ ಮುಗಿದು ಇಲಿಗಳ ಕುಲ ರಂಗಕ್ಕೆ ಬರುತ್ತದೆ. ಈ ರೌದ್ರಕ್ಕೆ ಔಚಿತ್ಯವಿದೆ, ಏಕೆಂದರೆ ಇದು ಯಾರ ಮೇಲಿನ ಕೋಪವೂ ಅಲ್ಲ. ಪ್ರದರ್ಶನದ ಒಂದು ಅಂಕ. ಮಾನವಜಾತಿ ಒಮ್ಮೆ ಇಲ್ಲಿ ಇದ್ದಿತೆಂದಷ್ಟೇ ಸಾರುವ ಮೇಳದ ಉದ್ಘೋಷ ಮತ್ತೆ ಮತ್ತೆ ಬಂದಾಗ, ಅದು ಜಯಘೋಷವೋ ಶಾಸನದ ಬರಹವೋ ತಿಳಿಯದಂತಾಗುತ್ತದೆ. ಸಾವಿರಾರು ಜನರ ಸಭೆಗಳಲ್ಲಿ ಕೇಳುಗರು ಅದನ್ನು ಕೈಯೆತ್ತಿ ಹಾಡುತ್ತಾರೆ. ತಮ್ಮ ಕುಲದ ಅಂತ್ಯವನ್ನು ಇಷ್ಟು ಉತ್ಸಾಹದಿಂದ ಹಾಡುವ ಸಭೆ ಅಪೂರ್ವವೇ ಸರಿ.

ದೊಡ್ಡ ದೋಷವನ್ನೂ ಹೇಳಬೇಕು. ಸಿಂಫನಿಕ್ ಎಂಬ ವಿಶೇಷಣ ಈ ಕೃತಿಗೆ ನಾದದ ದೃಷ್ಟಿಯಿಂದ ಸಲ್ಲುತ್ತದೆ, ರಚನೆಯ ದೃಷ್ಟಿಯಿಂದ ಅಷ್ಟಾಗಿ ಸಲ್ಲದು. ಸಿಬೆಲಿಯಸನ ಏಳನೆಯ ಸಿಂಫನಿ, 1924ರದು, ಇದಕ್ಕಿಂತ ಸ್ವಲ್ಪ ಚಿಕ್ಕದು. ಅಖಂಡವಾದ ಒಂದೇ ಭಾಗ. ಅದರಲ್ಲಿ ಪುಟ್ಟ ಸ್ವರಬೀಜಗಳು ಕೇಳುಗನಿಗೆ ಅರಿವಾಗದಷ್ಟು ಮೆಲ್ಲಗೆ ಬೆಳೆದು, ಒಂದು ಗತಿಯಿಂದ ಇನ್ನೊಂದು ಗತಿ ಯಾವಾಗ ಹುಟ್ಟಿತೆಂದು ಬೆರಳಿಟ್ಟು ತೋರಿಸಲಾಗದಂತೆ ರೂಪಾಂತರ ಹೊಂದುತ್ತವೆ. ಜೀವವಿಕಾಸಕ್ಕೆ ಸಂಗೀತದಲ್ಲಿ ಇದಕ್ಕಿಂತ ಒಳ್ಳೆಯ ಪ್ರತಿಮೆ ದೊರೆಯದು. ಆದರೆ ಸಿಬೆಲಿಯಸ್ ವಿಕಾಸದ ಮಾತನ್ನೇ ಎತ್ತಲಿಲ್ಲ. ನೈಟ್‌ವಿಶ್ ವಿಕಾಸವನ್ನೇ ವಸ್ತುವಾಗಿ ಆರಿಸಿಕೊಂಡಿದೆ. ಅದರ ಸ್ವರವಿಷಯಗಳಾದರೋ ವಿಕಾಸಗೊಳ್ಳುವುದಿಲ್ಲ. ಒಂದು ಖಂಡ ಮುಗಿದ ಮೇಲೆ ಇನ್ನೊಂದು ಖಂಡ ಬರುತ್ತದೆ. ಪಲ್ಲವಿ ಮರಳಿ ಬಂದಾಗ ಹಿಂದಿನಂತೆಯೇ ಇರುತ್ತದೆ, ದನಿಯಷ್ಟೇ ಹಿರಿದಾಗಿರುತ್ತದೆ. ಇದು ಚಲನಚಿತ್ರಸಂಗೀತದ ಕ್ರಮ. ಹೊಲೊಪಾಯಿನೆನ್ ಅವರ ಒಲವೂ ಆ ಕಡೆಯದು. ಹೆಸರಿನಲ್ಲಿಯೇ ಪ್ರದರ್ಶನವೆಂಬ ಮಾತಿರುವುದರಿಂದ ಇದನ್ನು ಮೆರವಣಿಗೆಯೆಂದು ತಿಳಿದು ಕೇಳಬೇಕು, ಒಂದರ ಹಿಂದೆ ಒಂದು ಸ್ತಬ್ಧಚಿತ್ರ ಸಾಗುವ ಹಾಗೆ, ಎಂದು ಸಮರ್ಥಿಸಬಹುದು. ಆ ಸಮರ್ಥನೆಯನ್ನು ನಾನು ಬಹುಕಾಲ ನನಗೆ ನಾನೇ ಹೇಳಿಕೊಂಡಿದ್ದೇನೆ. ಅದರಿಂದ ಆನಂದ ಉಳಿಯುತ್ತದೆ, ದೋಷವೂ ಉಳಿಯುತ್ತದೆ.

ಮೆರವಣಿಗೆ ಹಾದುಹೋದ ಮೇಲೆ 'ದಿ ಅಂಡರ್‌ಸ್ಟ್ಯಾಂಡಿಂಗ್' ಎಂಬ ನಾಲ್ಕನೆಯ ಭಾಗದಲ್ಲಿ ಡಾಕಿನ್ಸ್ ಅವರ ಕಂಠ ಮತ್ತೆ ಕೇಳುತ್ತದೆ. ಸಾಯುವ ಭಾಗ್ಯವೂ ಹುಟ್ಟಿದವರಿಗೇ ಮೀಸಲು, ಹುಟ್ಟಬಹುದಾಗಿದ್ದವರು ಹುಟ್ಟದೆಯೇ ಉಳಿದವರು ಎಣಿಕೆಗೆ ಸಿಕ್ಕದಷ್ಟು ಎಂಬ ಭಾವವುಳ್ಳ ತಮ್ಮ ಗ್ರಂಥಭಾಗವನ್ನು ಅವರು ಓದುತ್ತಾರೆ. ಮೊದಲ ಹಾಡಿನ ಆರಂಭದಲ್ಲಿ ಪ್ರಕಟಣೆಯಂತೆ ತೋರಿದ ಅದೇ ಕಂಠ ಇಲ್ಲಿ ತೂಕ ಪಡೆದಿದೆ. ಕಂಠದಲ್ಲಿ ಬದಲಾವಣೆಯೇನೂ ಇಲ್ಲ. ನಡುವೆ ಎಪ್ಪತ್ತು ನಿಮಿಷಗಳ ಸಂಗೀತ ಕಳೆದಿದೆ, ಕೇಳುಗ ಬದಲಾಗಿದ್ದಾನೆ. 2015ರ ಡಿಸೆಂಬರ್ 19ರಂದು ಲಂಡನ್ನಿನ ವೆಂಬ್ಲಿ ಅರೀನಾದಲ್ಲಿ ಅವರು ವೇದಿಕೆಗೇ ಬಂದು ಈ ಭಾಗದಲ್ಲಿ ಪಾಲ್ಗೊಂಡರು. ಎಪ್ಪತ್ತು ದಾಟಿದ ವಿಜ್ಞಾನಿಯೊಬ್ಬರು ಕಪ್ಪು ಅಂಗಿಯ ತರುಣರ ಆ ಮಹಾಸಭೆಯ ಮುಂದೆ ನಿಂತು ಗದ್ಯವನ್ನು ಓದಿದರು, ಸಭೆ ಸದ್ದಿಲ್ಲದೆ ಕೇಳಿತು.

ಕಡಲು ಸವೆಸಿದ ಕೊರಡು ಎಂಬರ್ಥದ 'ಸೀ-ವೋರ್ನ್ ಡ್ರಿಫ್ಟ್‌ವುಡ್' ಐದನೆಯ ಭಾಗ. ತಂಡವೂ ವೃಂದವೂ ಹಿಂದೆ ಸರಿದಿವೆ. ಪಳೆಯುಳಿಕೆಯ ಮೀನು ಯಾವ ನೀರಿನಿಂದ ಹೊರಬಂದಿತೋ ಆ ನೀರಿನ ಅಲೆಗಳ ಸದ್ದು ಕೇಳುತ್ತದೆ. ಅದರ ಮೇಲೆ, ಯಾವ ವಾಕ್ಯದಿಂದ ಧ್ವನಿಮುದ್ರಿಕೆ ತನ್ನ ಹೆಸರನ್ನು ಪಡೆಯಿತೋ ಡಾರ್ವಿನ್ನನ ಆ ವಾಕ್ಯವನ್ನು ಡಾಕಿನ್ಸ್ ಅವರು ಅವಸರವಿಲ್ಲದೆ ಓದಿ ಮುಗಿಸುತ್ತಾರೆ. ಗಿಟಾರ್ ಮತ್ತೆ ಏಳುವುದಿಲ್ಲ.